ಅಡ್ಡಮಾತು

ಫೆಬ್ರವರಿ ೧೨

ಎಡಗೈಗೆ ಪ್ಲಾಸ್ಟರು ಹಾಕಿದ್ದಾರೆ. ಬಲಗೈಗೆ ಮಾಡಲು ಕೆಲಸವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದಾಗ ವರ್ಷಕ್ಕೊಂದು ಡೈರಿ ಕೊಡುತ್ತಿದ್ದರು. ಒಂದರಲ್ಲೂ ನಾನು ಜನವರಿ ದಾಟಿದವಳಲ್ಲ. ಈ ಸಲ ಫೆಬ್ರವರಿಯಲ್ಲೇ ಶುರು ಮಾಡಿದ್ದೇನೆ, ಆ ಚಿಂತೆಯೇ ಇಲ್ಲ.

ಮೊನ್ನೆ ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲಲ್ಲಿ ಬಿದ್ದೆ. ಬೀಳಿಸಿದವಳು ನನ್ನ ಸವತಿ. ಎಂದರೆ ಇವರ ಹೆಡ್‌ಫೋನಿನ ವಯರು. ಕಿವಿ ಮಂದವಾಗುತ್ತ ಬಂದ ಹಾಗೆ ಇವರು ಟಿವಿಯ ದನಿ ಏರಿಸುತ್ತ ಹೋದರು, ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತ ಹೋದರು. ಕೊನೆಗೆ ಹೆಡ್‌ಫೋನು ತಂದದ್ದಾಯಿತು. ಅದರ ವಯರು ಗಿಡ್ಡ. ಇವರಿಗೋ ಕಿಟಕಿ ಪಕ್ಕದ ಕುರ್ಚಿಯೇ ಆಗಬೇಕು. ಕುರ್ಚಿ ಜರುಗಿಸಿ ಎಂದರೆ ಕೇಳುವವರೇ? ನೌಕರಿಯಿಡೀ ನೆಲದಡಿಯ ಟೆಲಿಫೋನ್ ಕೇಬಲ್ಲು ಜೋಡಿಸಿದ ಮನುಷ್ಯ. ಹಳೇ ಪೆಟ್ಟಿಗೆಯಿಂದ ಬಿಳಿ ತಂತಿ ಒಂದು, ನೀಲಿ ತಂತಿ ಒಂದು ತೆಗೆದು, ಹೆಣೆದು, ಬೆಸುಗೆ ಹಾಕಿ, ವಯರನ್ನು ಟಿವಿಯಿಂದ ಕಿಟಕಿಯ ತನಕ ಬೆಳೆಸಿದರು. ಅದು ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ಮಲಗಿತು. ಅಲ್ಲಿಂದ ಇಲ್ಲಿಯವರೆಗೂ ದಾಟಿಕೊಂಡೇ ಓಡಾಡಿದ್ದೇನೆ.

ನಿಜ ಹೇಳಬೇಕೆಂದರೆ ಬರೀ ದಾಟಲಿಲ್ಲ. ಹೆಡ್‌ಫೋನು ಹಾಕಿದರೆ ಇವರಿಗೆ ಮನೆ ಬಿದ್ದರೂ ಗೊತ್ತಾಗದು. ಹಾಗಾಗಿ ವಯರನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆಯುವುದು ರೂಢಿಯಾಯಿತು. ಮೂರು ಸಲ ಎಳೆದರೆ ತಿಂಡಿಯೋ ಊಟವೋ ಆಗಿದೆ. ಎರಡು ಸಲ ಎಳೆದರೆ ಬಾಗಿಲಲ್ಲಿ ಯಾರೋ ಬಂದಿದ್ದಾರೆ. ಇವರು ಆ ಕಡೆಯಿಂದ ಒಂದು ಸಲ ಎಳೆದರೆ ‘ಬಂದೆ’. ಮೊನ್ನೆಯೂ ಅಷ್ಟೇ. ನಾನು ಮೂರು ಸಲ ಎಳೆದೆ, ಅವರು ಒಂದು ಸಲ ಎಳೆದರು, ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಬೆರಳು ಬಿಡಿಸಿಕೊಳ್ಳದೆ ತಿರುಗಿದೆ. ಧೊಪ್ಪೆಂದು ಬಿದ್ದೆ. ಮಗಳಿಗೆ ‘ಎಡವಿದೆ’ ಎಂದಷ್ಟೇ ಹೇಳಿದ್ದೇನೆ. ಈ ವಯಸ್ಸಿನಲ್ಲಿ ಗಂಡನನ್ನು ಕಾಲ್ಬೆರಳಲ್ಲಿ ಕರೆಯುತ್ತೇನೆ ಎಂದು ಹೇಳಲು ನಾಚಿಕೆ.

ಇವರು ಆಸ್ಪತ್ರೆಯಲ್ಲಿ ತುಟಿ ಬಿಚ್ಚಲಿಲ್ಲ. ಮನೆಗೆ ಬಂದವರೇ ವಯರನ್ನು ಕಿತ್ತು, ಸುರುಳಿ ಸುತ್ತಿ, ಅಟ್ಟಕ್ಕೆ ಹಾಕಿದರು. ಪೀಡೆ ತೊಲಗಿತು ಎಂದುಕೊಂಡೆ.

ಫೆಬ್ರವರಿ ೧೬

ಗುಬ್ಬಿ ಬಂದಿದ್ದಳು. ಸ್ವಂತ ಕನ್ನಡಕದ ಅಂಗಡಿ ಇಟ್ಟಿದ್ದಾಳೆ, ತಲೆಯಲ್ಲಿ ನಾಲ್ಕು ಬಿಳಿಗೂದಲು ಇಣುಕುತ್ತಿವೆ, ಆದರೂ ಮಗಳು ನಮಗೆ ಗುಬ್ಬಿಯೇ. ಬಂದವಳು ಒಂದು ಹೊಸ ಹೆಡ್‌ಫೋನು ತೆಗೆದಳು. ಅದಕ್ಕೆ ಬಾಲವೇ ಇಲ್ಲ.

“ಅಪ್ಪಾ, ಇನ್ನು ವಯರು ಗಿಯರು ಏನೂ ಇಲ್ಲ. ಬ್ಲೂಟೂತ್!” ಎಂದು ಕೂಗಿದಳು.

“ಏನು?”

“ನೀಲಿ ಹಲ್ಲಂತೆ!” ನಾನೂ ಕೂಗಿದೆ.

“ಬಾಯಲ್ಲಿರೋ ಹಲ್ಲೇ ಒಂದೊಂದಾಗಿ ರಜಾ ಹಾಕ್ತಿದೆ. ಇನ್ನು ಕಿವಿಗೊಂದು ಹಲ್ಲು ಬೇರೆ” ಎಂದರು. ನಾನು ಬಿದ್ದ ಮೇಲೆ ಇವರ ಬಾಯಿಂದ ಬಂದ ಮೊದಲ ತಮಾಷೆ. ಅದೂ ಮಗಳಿಗೆ.

ಟಿವಿಗೆ ಸಿಕ್ಕಿಸುವ ಪುಟ್ಟ ಡಬ್ಬಿಯನ್ನು ಬಿಚ್ಚುವ ಮೊದಲು ಗುಬ್ಬಿ ನನ್ನ ಫೋನು ಇಸಿದುಕೊಂಡು, ಹೆಡ್‌ಫೋನಿಗೆ ಅದನ್ನು ಜೋಡಿಸಿ, ಒಂದು ಹಳೇ ಹಾಡು ಹಾಕಿ ನೋಡಿದಳು. ನಮಗೆ ಒಂದು ಸ್ವರವೂ ಕೇಳಿಸಲಿಲ್ಲ, ಇವರ ತಲೆ ಮಾತ್ರ ತಾಳಕ್ಕೆ ಸರಿಯಾಗಿ ಆಡಿತು. ಆಮೇಲೆ ಟಿವಿಗೂ ಜೋಡಿಸಿದಳು.

“ಒಂದೇ ಸಲಕ್ಕೆ ಎರಡಕ್ಕೂ ಜೋಡಿ ಆಗಿರುತ್ತಪ್ಪಾ. ಒಳ್ಳೇ ಮಾಡೆಲ್ಲು.”

“ಜೋಡಿ ಅಂದ್ರೆ ಎರಡು. ಮೂರನೇದು ಸೇರಿದ್ರೆ ಅಡ್ಡಮಾತು” ಎಂದರು ಇವರು.

ಅದು ಇವರ ಕೆಲಸದ ಮಾತು. ಕೇಬಲ್ಲಿನೊಳಗೆ ತಂತಿಗಳನ್ನು ಎರಡೆರಡಾಗಿ ಹೆಣೆದಿರುತ್ತಾರೆ, ಅದಕ್ಕೆ ಜೋಡಿ ಎನ್ನುವುದು. ಒಂದು ಜೋಡಿಯ ತಂತಿ ಇನ್ನೊಂದು ಜೋಡಿಗೆ ಸೇರಿಕೊಂಡರೆ ಈ ಮನೆಯ ಮಾತು ಆ ಮನೆಯಲ್ಲಿ ಕೇಳುತ್ತದೆ. ಅದೇ ಅಡ್ಡಮಾತು. ಗುಬ್ಬಿ ನಕ್ಕು ಅಂಗಡಿಗೆ ಓಡಿದಳು. ನನ್ನ ಕೈ ಸಿಡಿಯುತ್ತಿತ್ತು, ಹೋಗಿ ಮಲಗಿದೆ.

ಫೆಬ್ರವರಿ ೧೯

ಊಟಕ್ಕೆ ಕರೆಯಬೇಕೆಂದರೆ ನಡುಮನೆಗೆ ಹೋಗಿ, ಟಿವಿಗೆ ಅಡ್ಡ ನಿಂತು, ಇರುವ ಒಂದು ಕೈಯನ್ನು ಬೀಸಬೇಕು, ಟ್ರಾಫಿಕ್ ಪೊಲೀಸಿನವಳ ಹಾಗೆ. ಇವರು ಎದ್ದು ಬರುತ್ತಾರೆ, ಉಣ್ಣುತ್ತಾರೆ, ನನ್ನ ತಟ್ಟೆಯನ್ನೂ ತೊಳೆಯುತ್ತಾರೆ, ಹೋಗಿ ಕುರ್ಚಿಯಲ್ಲಿ ಕೂರುತ್ತಾರೆ. ಮಾತಿಲ್ಲ ಕತೆಯಿಲ್ಲ. ಹೊಸ ಹೆಡ್‌ಫೋನು ಬಂದ ಮೇಲೆ ಹೆಂಡತಿ ಯಾಕೆ ಬೇಕು.

ಹೊಸ್ತಿಲಲ್ಲಿ ಇವತ್ತೂ ಕಾಲೆತ್ತಿ ದಾಟಿದೆ. ದಾಟಲು ಅಲ್ಲೇನೂ ಇರಲಿಲ್ಲ.

ಫೆಬ್ರವರಿ ೨೨

ಒಂದೇ ಕೈಯಲ್ಲಿ ಫೋನು ಹಿಡಿದು ಅದರಲ್ಲೇ ಅಕ್ಷರ ಒತ್ತುವುದು ಆಗದ ಕೆಲಸ. ಅಕ್ಕನಿಗೆ ದಿನಾ ಏನಾದರೂ ಹೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ದೂರದ ಊರಲ್ಲಿದ್ದಾಳೆ, ಅವಳಿಗೂ ಹೊತ್ತು ಹೋಗಬೇಕು. ಬಾಯಲ್ಲಿ ಹೇಳಿ ಕಳಿಸುವುದನ್ನು ಗುಬ್ಬಿ ಕಲಿಸಿಕೊಟ್ಟಿದ್ದಾಳೆ. ಸುಲಭ. ಬೆರಳಿಟ್ಟು ಮಾತಾಡು, ಬೆರಳು ತೆಗೆ, ಹೋಯಿತು. ಆದರೆ ಕಳಿಸಿದ ಮೇಲೆ ಒಂದು ಸಲ ಹಾಕಿ ಕೇಳದಿದ್ದರೆ ನನಗೆ ಸಮಾಧಾನವಿಲ್ಲ. ಎಕ್ಸ್‌ಚೇಂಜಿನ ಚಾಳಿ. ಲೈನು ಕೊಟ್ಟ ಮೇಲೆ ಪರೀಕ್ಷೆ ಮಾಡಬೇಕು.

ಇವತ್ತು ಹಾಕಿದರೆ ಫೋನು ಮೂಗಿ. ಗೆರೆ ಓಡುತ್ತದೆ, ದನಿಯಿಲ್ಲ. ಕಿವಿಗಿಟ್ಟೆ, ಕೊಡವಿದೆ, ತಟ್ಟಿದೆ. ಅಕ್ಕನೇ ಫೋನು ಮಾಡಿ, “ಎಲ್ಲಾ ಚೆನ್ನಾಗಿ ಕೇಳ್ತು ಕಣೇ. ಚಹಾಕ್ಕೆ ಸಕ್ಕರೆ ಸುರಿಯೋ ಗಂಡನ್ನ ಕಟ್ಕೊಂಡು ಹೇಗಮ್ಮಾ ಬಾಳ್ತೀಯ” ಎಂದಳು. ಫೋನಿನಲ್ಲಿ ಮಾತಾಡಿದರೆ ಕೇಳುತ್ತದೆ, ಕಳಿಸಿದ ಮಾತನ್ನು ಹಾಕಿದರೆ ಕೇಳದು. ಅವಳು ಕಳಿಸಿದ್ದೂ ಅಷ್ಟೇ. ಬರೆದು ಕಳಿಸು ಮಾರಾಯ್ತಿ ಎಂದಿದ್ದೇನೆ. ಅವಳು ಯಾರ ಮಾತು ಕೇಳಿದವಳು.

ಆ ಹೊತ್ತಿಗೇ ನಡುಮನೆಯಲ್ಲಿ ಇವರು “ಅಡ್ಡಮಾತು! ಅಡ್ಡಮಾತು!” ಎಂದು ಹೆಡ್‌ಫೋನನ್ನು ಕುಟ್ಟುತ್ತಿದ್ದರು. ನನ್ನ ಫೋನು ಹಾಗೆ, ಇವರ ನೀಲಿ ಹಲ್ಲು ಹೀಗೆ. ಹೊಸ ಸಾಮಾನಿನ ಹಣೆಬರಹವೇ ಇಷ್ಟು.

ಫೆಬ್ರವರಿ ೨೩

ಇವರು ಮಾಡಿಕೊಟ್ಟ ಬೆಳಗಿನ ಚಹಾದಲ್ಲಿ ಸಕ್ಕರೆಯಿಲ್ಲ. ನನಗೆ ಬೇಕಾದ ಹಾಗೇ ಇತ್ತು. ಸಕ್ಕರೆ ಮುಗಿದಿರಬೇಕೆಂದು ಡಬ್ಬಿ ತೆರೆದು ನೋಡಿದೆ. ತುಂಬಿತ್ತು.

ಫೆಬ್ರವರಿ ೨೬

ಗುಬ್ಬಿ ಫೋನು ಮಾಡಿದಾಗ ಅಡ್ಡಮಾತಿನ ವಿಷಯ ಹೇಳಿದೆ. “ಸಂಜೆ ಬಂದು ನೋಡ್ತೀನಮ್ಮ, ಏನೋ ಸೆಟ್ಟಿಂಗು” ಎಂದಳು. ಇವರ ಮುಂದೆ ಹೋಗಿ ಕಿವಿಯ ಹತ್ತಿರ ಕೂಗಿದೆ: “ಗುಬ್ಬಿ ಬಂದು ರಿಪೇರಿ ಮಾಡ್ತಾಳಂತೆ!”

“ಬೇಡ.”

“ಅಡ್ಡಮಾತು ಬರ್ತಿದೆ ಅಂದ್ರಲ್ಲ!”

“ಇರಲಿ ಬಿಡು. ಹೊಸದು. ಒಗ್ಗಿಕೊಳ್ಳತ್ತೆ” ಎಂದು ಕಿಟಕಿಯ ಕಡೆ ಮುಖ ತಿರುಗಿಸಿದರು.

ಇಡೀ ಊರಿನ ಲೈನಿನಲ್ಲಿ ಎಲ್ಲೋ ಒಂದು ಕಡೆ ಗೊರಗೊರ ಎಂದರೂ ಊಟ ಬಿಟ್ಟು ಸೈಕಲ್ಲು ಹತ್ತುತ್ತಿದ್ದ ಮನುಷ್ಯ ಇವರೇನಾ? ವಯಸ್ಸಾಯಿತು.

ಮಾರ್ಚ್ ೨

ಇವತ್ತು ನಡೆದದ್ದನ್ನು ಬರೆಯಲೇಬೇಕು. ಬಿದ್ದಾಗಿನಿಂದ ನನ್ನ ಕೂದಲು ಬಿಚ್ಚಿದ್ದು ಬಿಚ್ಚಿದ ಹಾಗೇ ಇತ್ತು. ಒಂದು ಕೈಯಲ್ಲಿ ಬಾಚಬಹುದು, ಜಡೆ ಹೆಣೆಯಲಾಗದು. ನಿನ್ನೆ ಅಕ್ಕನಿಗೆ ಹೇಳಿದ್ದೆ, “ಗುಬ್ಬಿ ಬಂದಾಗ ಕತ್ತರಿ ಹಾಕಿಸಿಬಿಡ್ತೀನಿ ಅಕ್ಕ, ಈ ಬಾಲಾನೂ ಹೋಗ್ಲಿ” ಎಂದು. ಹೇಳುವಾಗ ಸ್ವಲ್ಪ ಅಳುವೂ ಬಂತು. ನನ್ನ ಮೈಯಲ್ಲಿ ನನಗೆ ಜಂಬ ಅಂತ ಇರುವುದು ಈ ಜಡೆ ಒಂದೇ.

ಬೆಳಿಗ್ಗೆ ಇವರು ಬಾಚಣಿಗೆ ಹಿಡಿದು ನನ್ನ ಬೆನ್ನ ಹಿಂದೆ ನಿಂತರು. ಏನು ಎಂದು ತಿರುಗಿದರೆ ಭುಜ ಹಿಡಿದು ಮುಂದಕ್ಕೆ ತಿರುಗಿಸಿದರು.

“ಎರಡೆಳೆ ಹೆಣೆಯೋದು ಗೊತ್ತು. ಮೂರೆಳೆ ಹೇಗೆ?”

ಗೋಡೆಯ ಕಡೆ ಮುಖ ಮಾಡಿಕೊಂಡು ಕೂಗಿ ಹೇಳಿಕೊಟ್ಟೆ. ಬಲದ್ದು ನಡುವಿನದರ ಮೇಲೆ, ಎಡದ್ದು ನಡುವಿನದರ ಮೇಲೆ. ಬೆರಳು ದಪ್ಪ, ಆದರೆ ಎಳೆದು ನೋಯಿಸಲಿಲ್ಲ. ತುದಿಯನ್ನು ರಬ್ಬರಿನ ಬದಲು ಕೇಬಲ್ಲು ಕಟ್ಟುವ ಮೇಣದ ದಾರದಲ್ಲಿ ಬಿಗಿದರು. ಕನ್ನಡಿ ನೋಡಿದೆ. ಜಡೆ ಎಷ್ಟು ಬಿಗಿ ಎಂದರೆ ನನ್ನ ಹುಬ್ಬು ಎರಡೂ ಮೇಲಕ್ಕೇರಿದ್ದವು, ಯಾವುದೋ ಸುದ್ದಿ ಕೇಳಿ ಬೆರಗಾದವಳ ಹಾಗೆ.

ಗುಬ್ಬಿಯೇ ಹೇಳಿರಬೇಕು ಇವರಿಗೆ. ಅವಳಿಗೆ ಫೋನು ಮಾಡಿ ಕೇಳಿದೆ. ಇಲ್ಲವಂತೆ. ಸುಳ್ಳು ಹೇಳುತ್ತಾಳೆ.

ಮಾರ್ಚ್ ೫

ದಿನಾ ಬೆಳಿಗ್ಗೆ ಜಡೆಯಾಗುತ್ತಿದೆ. ಮೇಣದ ದಾರದ ವಾಸನೆ ತಲೆಗೇರಿ ಹಳೆಯದೆಲ್ಲ ನೆನಪಾಗುತ್ತಿದೆ.

ನಮ್ಮ ಎಕ್ಸ್‌ಚೇಂಜು ಉದ್ದನೆಯ ಒಂದು ಕೋಣೆ. ಗೋಡೆಯುದ್ದಕ್ಕೂ ಬೋರ್ಡು, ಬೋರ್ಡಿನ ತುಂಬ ರಂಧ್ರ, ಪ್ರತಿ ರಂಧ್ರಕ್ಕೊಂದು ಪುಟ್ಟ ದೀಪ. ಸಾಲಾಗಿ ಎತ್ತರದ ಸ್ಟೂಲಿನ ಮೇಲೆ ನಾವು ಹುಡುಗಿಯರು, ಕಿವಿಗೆ ಹೆಡ್‌ಸೆಟ್ಟು. ಮುಂದೆ ಬಟ್ಟೆ ಸುತ್ತಿದ ಹಗ್ಗದಂಥ ವಯರುಗಳು. ದೀಪ ಹತ್ತಿದರೆ ವಯರಿನ ಒಂದು ತುದಿ ಅಲ್ಲಿಗೆ, ಅವರು ಕೇಳಿದ ನಂಬರಿಗೆ ಇನ್ನೊಂದು ತುದಿ. ಊರಿನ ಮದುವೆ, ಸಾವು, ವ್ಯಾಪಾರ, ಜಗಳ ಎಲ್ಲವೂ ನಮ್ಮ ಮೊಣಕೈ ಕೆಳಗೆ ಹಾದುಹೋಗುತ್ತಿದ್ದವು. ಲೈನು ಕೊಟ್ಟ ಮೇಲೆ ಕೇಳುತ್ತ ಕೂರಬಾರದು ಎಂದು ರೂಲು. ರೂಲು ಇದ್ದದ್ದು ನಿಜ.

ದೊಡ್ಡ ಕೇಬಲ್ಲೊಂದು ನೀರು ಹೊಕ್ಕು ಹಾಳಾದ ವರ್ಷ ಅದು. ಕೇಬಲ್ಲು ಜೋಡಿಸಲು ಹೊಸದಾಗಿ ಬಂದ ಜಾಯಿಂಟರು ಮ್ಯಾನ್‌ಹೋಲಿನಲ್ಲಿ ಇಳಿದು ಒಂದೊಂದೇ ಜೋಡಿ ಹುಡುಕಬೇಕು, ನಾನು ಮೇಲಿನಿಂದ ಉತ್ತರ ಕೊಡಬೇಕು. ಮಾತು ಹೋಗುವಷ್ಟು ಲೈನು ಚೆನ್ನಾಗಿಲ್ಲದಿದ್ದರೆ ಅವರು ಕೆಳಗೆ ಎರಡು ತಂತಿ ತಾಕಿಸುತ್ತಿದ್ದರು, ನನ್ನ ಬೋರ್ಡಿನಲ್ಲಿ ದೀಪ ಮಿನುಗುತ್ತಿತ್ತು. ಮೂರು ಸಲ ಮಿನುಗಿದರೆ ‘ಇದ್ದೀಯಾ?’. ನಾನು ಒಂದು ಸಲ ಗಂಟೆ ಕೊಟ್ಟರೆ ‘ಇದ್ದೇನೆ’. ಮಾತು ಹೋಗುವ ಮೊದಲ ಜೋಡಿ ಸಿಕ್ಕಿದ್ದು ಒಂದು ಗುರುವಾರ, ಬಿಳಿ-ನೀಲಿ. “ಎಕ್ಸ್‌ಚೇಂಜಾ? ನಿಮ್ಮ ದನಿ ಪಕ್ಕದಲ್ಲಿ ನಿಂತ ಹಾಗೆ ಬರ್ತಿದೆ” ಎಂದರು. ಮೊಣಕಾಲುದ್ದ ಕೆಸರಿನಲ್ಲಿ ನಿಂತವರ ದನಿಯಲ್ಲಿ ಅಷ್ಟು ಖುಷಿ. ಆ ದನಿ ಕೇಳಿ ಆರಡಿ ಆಳು ಎಂದುಕೊಂಡಿದ್ದೆ. ಸಂಬಳದ ದಿನ ನೋಡಿದರೆ ನನ್ನ ಕಿವಿಯ ಎತ್ತರ. ಅಷ್ಟು ಹೊತ್ತಿಗೆ ಕಾಲ ಮೀರಿತ್ತು, ದನಿಗೆ ಮನಸ್ಸು ಕೊಟ್ಟಾಗಿತ್ತು.

ಮದುವೆಯಾದ ಮೇಲೂ ನನ್ನನ್ನು ಕರೆಯುತ್ತಿದ್ದದ್ದು ‘ಎಕ್ಸ್‌ಚೇಂಜ್’ ಎಂದೇ. ನೆಂಟರ ಮುಂದೆ ಕೂಡ. ಅದು ಯಾವಾಗ ನಿಂತಿತು? ಕಿವಿ ಮಂದವಾದ ಮೇಲೆ ಇರಬೇಕು. ನಾನೂ ಲೆಕ್ಕಿಸಲಿಲ್ಲ.

ಮಾರ್ಚ್ ೮

ಜಗಳ. ಗುಬ್ಬಿ ಕಿವಿ ಡಾಕ್ಟರ ಹತ್ತಿರ ಸಮಯ ಗೊತ್ತು ಮಾಡಿದ್ದಳು. ಇವರು ಚಪ್ಪಲಿ ಮೆಟ್ಟಲೇ ಇಲ್ಲ.

“ನನ್ನ ಕಿವಿ ನಂಗೊತ್ತು. ಯಾವನೋ ಬಂದು ಇದು ಸತ್ತುಹೋಗಿದೆ ಅಂತ ಹೇಳೋದು ಬೇಡ.”

“ನನ್ನ ಮಾತು ನಿಮಗೆ ಕೇಳೋದು ಬೇಡ್ವಾ?” ಎಂದು ಕೂಗಿದೆ. ಗಂಟಲು ಕಿತ್ತುಬಂತು. ಇವರು ಹೋಗಿ ಕುರ್ಚಿಯಲ್ಲಿ ಕೂತರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ನನಗೆ ಭಯವಾಗುತ್ತದೆ. ಇವರು ದಿನಕ್ಕೊಂದು ಮೆಟ್ಟಿಲು ಇಳಿಯುತ್ತಿದ್ದಾರೆ, ಆಗ ಮ್ಯಾನ್‌ಹೋಲಿಗೆ ಇಳಿಯುತ್ತಿದ್ದ ಹಾಗೆ. ಆಗ ನನಗೊಂದು ದೀಪವಿತ್ತು, ಇದ್ದಾರೆ ಎಂದು ತಿಳಿಯುತ್ತಿತ್ತು. ಈಗ ಒಂದು ದಿನ ಪೂರ್ತಿ ಇಳಿದು ಮುಚ್ಚಳ ಹಾಕಿಕೊಂಡರೆ ಒಂದೇ ಮನೆಯಲ್ಲಿ ನಾನು ಯಾರ ಜೊತೆ ಇರುವುದು?

ಮಾರ್ಚ್ ೧೧

ಗುಬ್ಬಿ ಅಟ್ಟ ಗುಡಿಸಲು ಹತ್ತಿದವಳು ವಯರಿನ ಸುರುಳಿ ಹಿಡಿದು, “ಈ ಹಾಳು ವಯರು ಎಸೀಲಾ?” ಎಂದಳು. “ಇರಲಿ, ಏನಕ್ಕಾದರೂ ಆಗುತ್ತೆ” ಎಂದೆ.

ಅವಳು ಹೋದ ಮೇಲೆ ಅಕ್ಕನ ಒಂದು ಸಾಲು ಬಂತು. ಅಪರೂಪಕ್ಕೆ ಬರೆದಿದ್ದಳು: ‘ನಿನ್ನ ಗಂಡ ವಯರು ಎಳೆದಿದ್ದಕ್ಕೆ ತಾನೇ ನೀನು ಬಿದ್ದಿದ್ದು, ನಂಗೊತ್ತು.’ ಅವಳಿಗೆ ಮಾತ್ರ ಎಲ್ಲ ಹೇಳಿದ್ದೆ, ಅವಳು ಅದನ್ನು ಹೀಗೆ ತಿರುಚಿಕೊಂಡಿದ್ದಾಳೆ. ಸಿಟ್ಟು ಬಂತು. ಬೆರಳಿಟ್ಟು ಹೇಳಿದೆ:

“ಅವರು ಎಳೆದಿದ್ದಕ್ಕಲ್ಲ ಅಕ್ಕ. ಬೆರಳು ಬಿಡಿಸಿಕೊಳ್ಳದೆ ಉಕ್ಕೋ ಹಾಲಿನ ಕಡೆ ತಿರುಗಿದ್ದು ನಾನು. ಅವರ ತಪ್ಪು ಇಷ್ಟೂ ಇಲ್ಲ, ಎಲ್ಲಾದ್ರೂ ಬಾಯಿ ಬಿಟ್ಟೀಯ. ಇನ್ನೊಂದು ಹೇಳ್ತೀನಿ, ನಗಬೇಡ. ಆ ಹಾಳು ವಯರು ಈಗ ಬೇಕು ಅನ್ನಿಸುತ್ತೆ. ಆ ಕಡೆಯಿಂದ ಒಂದು ಸಲ ಎಳೀತಿದ್ರಲ್ಲ, ಬಂದೆ ಅಂತ, ಅಷ್ಟಿದ್ರೆ ನಂಗೆ ದಿನ ಕಳೀತಿತ್ತು.”

ಅಭ್ಯಾಸದಂತೆ ಹಾಕಿ ನೋಡಿದೆ. ದನಿಯಿಲ್ಲ. ಹೇಳಿದ್ದು ಹೋಗಿದೆಯೋ ಇಲ್ಲವೋ ಎಂದು ಇನ್ನೊಂದು ಸಲ ಹಾಕಿದ್ದೂ ಆಯಿತು.

ನಡುಮನೆಗೆ ಹೋದರೆ ಇವರು ಟಿವಿ ಆರಿಸಿ, ಹೆಡ್‌ಫೋನು ತಲೆಯ ಮೇಲೇ ಇಟ್ಟುಕೊಂಡು ಕೂತಿದ್ದರು. ಕಣ್ಣು ಮೂಗು ಎಲ್ಲ ಕೆಂಪು. ನೆಗಡಿ ಹಿಡಿದಿರಬೇಕು. ಬಿಸಿನೀರು ಕಾಯಿಸಿ ಕೊಟ್ಟೆ. ಲೋಟ ಇಸಿದುಕೊಳ್ಳುವಾಗ ಪ್ಲಾಸ್ಟರಿನ ಮೇಲೆ ಒಂದು ಸಲ ಕೈಯಿಟ್ಟರು.

ಮಾರ್ಚ್ ೧೨

ಜಡೆ ಹಾಕುವಾಗ ಇವರು ಏನೋ ಗುನುಗುತ್ತಿದ್ದರು. ನೆಗಡಿ ಒಂದೇ ದಿನಕ್ಕೆ ವಾಸಿ.

ಮಾರ್ಚ್ ೧೫

ಸಿಟ್ಟಾಗಬೇಕೋ ನಗಬೇಕೋ ತಿಳಿಯದು.

ಸಂಜೆ ಅಡುಗೆಮನೆಯಲ್ಲಿ ಕೂತು ಅಕ್ಕನಿಗೆ ಹಳೇ ಕತೆ ಹೇಳುತ್ತಿದ್ದೆ. ಕೇಬಲ್ಲು ಹಾಳಾದದ್ದು, ದೀಪ ಮಿನುಗಿದ್ದು, ಕೊನೆಗೆ “ಆ ಗುರುವಾರ ಫಸ್ಟು ಇವರ ದನಿ ಕೇಳ್ತು ನೋಡು” ಎಂದು. ಕಳಿಸಿ, ಹಾಕಿ, ಎಂದಿನ ಹಾಗೆ ಮೂಗಿ ಫೋನನ್ನು ನೋಡುತ್ತ ಕೂತಿದ್ದೆ. ನಡುಮನೆಯಿಂದ ಗುಡುಗಿನ ಹಾಗೆ ದನಿ ಬಂತು:

“ಎಕ್ಸ್‌ಚೇಂಜ್! ಗುರುವಾರ ಅಲ್ಲ ಕಣೇ, ಮಂಗಳವಾರ!”

ಫೋನು ನೋಡಿದೆ, ಬಾಗಿಲು ನೋಡಿದೆ. ಸಕ್ಕರೆ. ಜಡೆ. ನೆಗಡಿ. ಗುಬ್ಬಿ ಅವತ್ತೇ ಹೇಳಿದ್ದಳು, ಎರಡಕ್ಕೂ ಜೋಡಿ ಆಗಿರುತ್ತೆ ಎಂದು. ನನ್ನ ಫೋನು ಮೂಗಿಯಲ್ಲ. ನಾನು ಹಾಕಿದ್ದೆಲ್ಲ ನೆಟ್ಟಗೆ ಹೋಗಿ ಇವರ ಕಿವಿಯಲ್ಲಿ ಮಾತಾಡುತ್ತಿತ್ತು. ಕೇಳಬೇಕಾದ್ದನ್ನು ಕೇಳದೆ ಹೋದ ಕಿವುಡಿ ಈ ಮನೆಯಲ್ಲಿ ನಾನೇ.

ಹೋಗಿ ಎದುರಿಗೆ ನಿಂತೆ. ಬಾಯಿ ಜಾರಿದ್ದು ಇವರಿಗೂ ಆಗಲೇ ಗೊತ್ತಾಗಿತ್ತು, ತಪ್ಪಿತಸ್ಥರ ಹಾಗೆ ಮಂಡಿ ಉಜ್ಜಿಕೊಳ್ಳುತ್ತಿದ್ದರು.

“ಕದ್ದು ಕೇಳ್ತಿದ್ರಾ?” ಕೂಗಿದೆ. “ಇಷ್ಟು ದಿನ? ನಾಚಿಕೆ ಆಗಲ್ವಾ?”

“ಕೇಳಬಾರದು ಅಂತ ರೂಲು ಇದ್ದದ್ದು ಆಪರೇಟರಿಗೆ. ಜಾಯಿಂಟರಿಗಲ್ಲ.”

ಅಲ್ಲೇ ಬಿಟ್ಟು ಬಂದು ಮಲಗುವ ಕೋಣೆಯ ಬಾಗಿಲು ಹಾಕಿಕೊಂಡಿದ್ದೇನೆ. ಅಕ್ಕನಿಗೆ ಏನೇನು ಹೇಳಿದೆ ಎಂದು ಒಂದೊಂದಾಗಿ ನೆನೆಸಿಕೊಳ್ಳುತ್ತಿದ್ದೇನೆ. ಇವರ ಗೊರಕೆಯನ್ನು ಹಳೇ ಲಾರಿಗೆ ಹೋಲಿಸಿದ್ದೂ ಇದೆ.

ಮಾರ್ಚ್ ೧೬

ಇವತ್ತು ಬೆಳಿಗ್ಗೆ ಜಡೆ ಬೇಡವೆಂದೆ. ಬಾಚಣಿಗೆ ಹಿಡಿದು ನಿಂತೇ ಇದ್ದರು. ಸ್ವಲ್ಪ ಹೊತ್ತಾದ ಮೇಲೆ ನಾನೇ ಬೆನ್ನು ಕೊಟ್ಟು ಕೂತೆ. ಹೆಣೆಯುತ್ತ ಮಾತಾಡಿದರು. ಮುಖ ನೋಡಿಕೊಂಡಾಗಿದ್ದರೆ ಆಡುತ್ತಿರಲಿಲ್ಲವೇನೋ.

“ಮೊದಲನೇ ದಿನ ನ್ಯೂಸು ಓದೋಳು ಬಾಯಿ ಆಡಿಸ್ತಿದ್ದಾಳೆ, ನಿನ್ನ ದನೀಲಿ ನಂಗೇ ಬೈತಿದ್ದಾಳೆ. ಅಡ್ಡಮಾತು ಅಂದ್ಕೊಂಡೆ. ನಾಳೆ ಗುಬ್ಬಿಗೆ ಹೇಳೋಣ, ನಾಳೆ ಹೇಳೋಣ ಅಂತ...”

ಒಂದೆಳೆ ಕೈತಪ್ಪಿತು, ಮತ್ತೆ ಹಿಡಿದರು.

“ನೀನು ಎದುರಿಗೆ ನಿಂತು ಕೂಗಿದ್ರೆ ನಂಗೆ ಕೇಳೋದು ಕೂಗು. ಅದು ನಿನ್ನ ದನಿ ಅಲ್ಲ. ಇದರಲ್ಲಿ ಬಂತು ನೋಡು, ಆಗಿನ ಹಾಗೇ, ಪಕ್ಕದಲ್ಲಿ ನಿಂತ ಹಾಗೆ. ಎಷ್ಟು ವರ್ಷ ಆಗಿತ್ತೇ ಅದನ್ನ ಕೇಳಿ. ರಿಪೇರಿ ಆಗಿಬಿಟ್ರೆ ಹೋಗಿಬಿಡುತ್ತಲ್ಲ ಅಂತ ಸುಮ್ಮನಿದ್ದೆ.”

ನಾನು ಏನು ಹೇಳಿದರೂ ಇವರಿಗೆ ಕೇಳುತ್ತಿರಲಿಲ್ಲ, ಹೆಡ್‌ಫೋನು ಕುರ್ಚಿಯ ಮೇಲಿತ್ತು. ಮೇಣದ ದಾರ ಬಿಗಿದು, ಗಂಟು ಹಾಕಿ ಹೇಳಿದರು:

“ನಾನು ಎಳೆದದ್ದಕ್ಕೇ ನೀನು ಬಿದ್ದೆ ಅಂದ್ಕೊಂಡಿದ್ದೆ. ನಿನ್ನ ಮುಖ ನೋಡೋಕಾಗ್ತಿರಲಿಲ್ಲ.”

ಅಯ್ಯೋ ದೇವರೇ. ಆಸ್ಪತ್ರೆಯಿಂದ ಬಂದವರೇ ವಯರು ಕಿತ್ತು ಅಟ್ಟಕ್ಕೆ ಹಾಕಿದ್ದನ್ನು ನಾನು ಏನೆಂದುಕೊಂಡಿದ್ದೆ. ಪೀಡೆ ತೊಲಗಿತು ಎಂದು ಬರೆದಿದ್ದೇನೆ ಇದೇ ಡೈರಿಯಲ್ಲಿ.

ಎದ್ದು ಹೆಡ್‌ಫೋನು ತಂದು ಇವರ ತಲೆಗೆ ಹಾಕಿದೆ. ಫೋನಿಗೆ ಮೆತ್ತಗೆ ಹೇಳಿದೆ, “ನೀವು ಎಳೆಯದೇ ಇದ್ದಿದ್ರೆ ನನ್ನ ಮನಸ್ಸು ಯಾವತ್ತೋ ಕುಸಿದು ಬೀಳ್ತಿತ್ತು.” ಹಾಕಿದೆ. ಕೇಳಿ ನಕ್ಕರು. “ಇನ್ನೊಂದು ಸಲ ಹಾಕು” ಎಂದರು. ಹಾಗೆ ಒಂದೊಂದೇ ಮಾತು ಹೇಳುವುದು, ಹಾಕುವುದು, ಇವರು ಉತ್ತರ ಕೊಡುವುದು. ಚಹಾ ಆರಿ ನೀರಾಯಿತು. ಅಷ್ಟರಲ್ಲಿ ಅಕ್ಕನ ಅಕ್ಷರಗಳು ಬಂದವು: ‘ಇದನ್ನೆಲ್ಲ ನಂಗ್ಯಾಕೆ ಕಳಿಸ್ತಿದ್ದೀಯೇ, ಗಂಡ ಹೆಂಡ್ತಿ ಮಧ್ಯೆ ನಾನ್ಯಾಕೆ?’ ಅಷ್ಟೂ ಅವಳಿಗೇ ಹೋಗುತ್ತಿದ್ದವು!

ಇವರಿಗೆ ತೋರಿಸಿದೆ. “ನಿಮ್ಮಕ್ಕ ನನ್ನ ಜಾಣಕಿವುಡ ಅಂದಿದ್ದೂ ಕೇಳಿದ್ದೀನಿ ಅಂತ ಹೇಳು” ಎಂದರು.

ಮಾರ್ಚ್ ೨೭

ಎಷ್ಟೋ ದಿನ ಬರೆದೇ ಇಲ್ಲ. ಪುರುಸೊತ್ತಾಗಲಿಲ್ಲ. ಕಿವಿ ಡಾಕ್ಟರ ಹತ್ತಿರ ಹೋಗಿಬಂದೆವು. ಚಪ್ಪಲಿ ಮೊದಲು ಮೆಟ್ಟಿದ್ದು ಇವರೇ. ಕಿವಿಯೊಳಗೆ ಇಡುವ ಯಂತ್ರಕ್ಕೆ ಅಳತೆ ಕೊಟ್ಟಾಗಿದೆ, ಅದೂ ಬಾಲವಿಲ್ಲದ್ದೇ ಅಂತೆ. “ಅದು ಇವಳ ಫೋನಿಗೆ ಜೋಡಿ ಆಗತ್ತಾ?” ಎಂದೊಂದೇ ಪ್ರಶ್ನೆ ಕೇಳಿದರು.

ಇವತ್ತು ಪ್ಲಾಸ್ಟರು ಕತ್ತರಿಸಿದರು. ಒಳಗಿದ್ದ ಕೈ ಬೇರೆ ಯಾರದೋ ಕೈಯ ಹಾಗೆ ತೆಳ್ಳಗೆ, ಬೆಳ್ಳಗೆ. ಗುಬ್ಬಿ ಮನೆಗೆ ಬಿಡಲು ಬಂದವಳು ನನ್ನ ಫೋನು ತಿರುವಿ ನೋಡಿ ಹಣೆ ಚಚ್ಚಿಕೊಂಡಳು.

“ಅಮ್ಮಾ, ಇದು ಅಪ್ಪನ ಹೆಡ್‌ಫೋನಿಗೆ ಇನ್ನೂ ಸೇರಿಕೊಂಡೇ ಇದೆ! ಅದಕ್ಕೇ ನಿಂಗೆ ದನಿ ಬರ್ತಿರಲಿಲ್ಲ. ಜೋಡಿ ಬಿಡಿಸಿಬಿಡ್ಲಾ?”

“ಬೇಡ” ಎಂದೆ.

“ಒಂದು ಗುಂಡಿ ಒತ್ತಿದ್ರೆ ಆಯ್ತು.”

ಕಿಟಕಿ ಪಕ್ಕದಲ್ಲಿ ಇವರು ಪೇಪರು ಓದುತ್ತಿದ್ದರು, ತಲೆಯ ಮೇಲೆ ಹೆಡ್‌ಫೋನೂ ಇಲ್ಲ. ಅವಳ ಹೆಬ್ಬೆರಳು ಎಲ್ಲಿದೆ, ನನ್ನ ಮುಖ ಹೇಗಿದೆ ಎಂದು ಕನ್ನಡಕದ ಮೇಲಿನಿಂದ ನೋಡಿದರು.

“ಗುಬ್ಬೀ, ಮುಟ್ಟಬೇಡ ಅದನ್ನ!”

ಅವಳು ನಮ್ಮಿಬ್ಬರನ್ನೂ ನೋಡಿದಳು. ಏನು ಅರ್ಥವಾಯಿತೋ, ಫೋನನ್ನು ನನ್ನ ಕೈಗಿಟ್ಟು ಅಂಗಡಿಗೆ ಹೋದಳು.

ಇನ್ನು ನನ್ನ ಜಡೆ ನಾನೇ ಹಾಕಿಕೊಳ್ಳಬಹುದು. ಸಂಜೆ ಕೂತು ಪ್ರಯತ್ನಿಸಿದೆ, ಮಣಿಕಟ್ಟು ಬಗ್ಗಲಿಲ್ಲ. ನಿಜ ಹೇಳಲಾ, ಸ್ವಲ್ಪ ಬಗ್ಗಿತು. ಬಗ್ಗಲಿಲ್ಲ ಎಂದು ಇವರಿಗೆ ಹೇಳಿದೆ.

ಅಡುಗೆಯಾದ ಮೇಲೆ ಫೋನಿಗೆ “ಊಟ” ಎಂದು ಹೇಳಿ, ಅದನ್ನೇ ಮೂರು ಸಲ ಹಾಕಿದೆ. ಅದು ಗೋಡೆ ದಾಟಿ ಇವರ ಕಿವಿಗೆ ಮುಟ್ಟಿತು ಎಂದು ನನಗೆ ಗೊತ್ತು. ಆದರೂ ಹೊಸ್ತಿಲ ಹತ್ತಿರ ಕಾಲಿನ ಬೆರಳು ತಾನಾಗಿ ನೆಲದ ಮೇಲೆ ವಯರನ್ನು ಹುಡುಕಿತು. ಈ ನೀಲಿ ಹಲ್ಲಿನಲ್ಲಿ ಎಲ್ಲ ಸರಿ, ಆ ಕಡೆಯಿಂದ ಎಳೆಯಲು ಏನೂ ಇಲ್ಲ. ಕೇಳಿತೋ, ಬರುತ್ತಾರೋ, ಕಾಯಬೇಕಷ್ಟೇ ಎಂದುಕೊಂಡೆ. ಒಲೆಯ ಮೇಲೆ ಹಾಲಿತ್ತು, ಉಕ್ಕುವ ಮೊದಲೇ ಆ ಕಡೆ ತಿರುಗಿ ಉರಿ ತಗ್ಗಿಸಿದೆ.

ಹಿಂದಿನಿಂದ ಯಾರೋ ನನ್ನ ಜಡೆಯನ್ನು, ಮೆಲ್ಲಗೆ, ನಾನು ಬೀಳದ ಹಾಗೆ, ಒಂದು ಸಲ ಎಳೆದರು.